ಎಣ್ಣೆಯಲ್ಲ, ಔಷಧ

ಆ ಹಕ್ಕರಿಕೆ ಸೊಪ್ಪಿಗೆ ನಾವು ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಖಾಲಿ ಜಾಗದಲ್ಲಿ ತಾನಾಗಿ ಎದ್ದ ಸೊಪ್ಪು, ಬಗ್ಗಿದವರಿಗೆ ಸಿಗುವಂಥದ್ದು. ಕೊನೆಗೆ ಅದಕ್ಕೆ ತಗುಲಿದ್ದು ಆಸ್ಪತ್ರೆಯ ಎರಡು ಬಿಲ್ಲು, ನನ್ನ ಗೋದಾಮಿನ ಒಂದು ಒಳ್ಳೆಯ ಸಾಗವಾನಿ ಮೇಜು, ಮತ್ತು ಅಕ್ಕನ ಬಾಯಿಂದ ಬಿದ್ದೇ ಹೋದ ಒಂದು ಶಬ್ದ. ಇಷ್ಟು ದುಬಾರಿ ಬೀಳಲು ಕಾರಣ ಅದು ಪುಕ್ಕಟೆ ಸಿಕ್ಕದ್ದೇ. ದುಡ್ಡು ಕೊಟ್ಟು ತರುವ ಮೆಂತ್ಯದ ಸೂಡನ್ನು ನಾನು ತಿರುವಿ, ಒದರಿ, ಮೂಸಿ ನೋಡಿಯೇ ಚೀಲಕ್ಕೆ ಹಾಕುವವನು. ಉಡಿಯಲ್ಲಿ ಬಂದ ಸೊಪ್ಪನ್ನು ಯಾರು ಮೂಸುತ್ತಾರೆ? ಅದರ ಮೇಲೆ ಕಳೆ ಸಾಯಿಸುವ ವಿಷ ಬಿದ್ದಿತ್ತು. ಅದನ್ನು ಹಸಿಯಾಗಿ ತಿಂದವರಲ್ಲಿ ಬಸುರಿಯಾದ ನನ್ನ ಮಗಳೂ ಇದ್ದಳು.

ನಾನು ಪುಣೆಯ ಹಡಪಸರದಲ್ಲಿ ಹಳೆಯ ಆಫೀಸು ಫರ್ನಿಚರಿನ ವ್ಯಾಪಾರಿ. ಮುಚ್ಚಿಹೋಗುವ ಕಂಪನಿಗಳ ಮೇಜು, ಕುರ್ಚಿ, ಕಪಾಟುಗಳನ್ನು ಒಟ್ಟಿಗೆ ಕೊಂಡು, ಹೊಸದಾಗಿ ತೆರೆಯುವವರಿಗೆ ಬಿಡಿಯಾಗಿ ಮಾರುತ್ತೇನೆ. ಬೈಲಹೊಂಗಲದ ಕಡೆಯಿಂದ ಇಲ್ಲಿಗೆ ಬಂದಾಗ ಒಂದು ಸ್ಕ್ರೂಡ್ರೈವರ್ ಬಿಟ್ಟರೆ ಬೇರೆ ಬಂಡವಾಳ ಇರಲಿಲ್ಲ. ಈ ಧಂದೆ ಕಲಿಸಿದ ವಿದ್ಯೆ ಇಷ್ಟೇ: ಸರಕು ನೋಡುವ ಮೊದಲು, ಕೊಡುವವನು ಏಕೆ ಕೊಡುತ್ತಿದ್ದಾನೆ ಎಂದು ನೋಡಬೇಕು. ಕೇಳಿದ ಕೂಡಲೇ ಬೆಲೆ ಇಳಿಸಿದನೋ, ನಾನು ಮೇಜಿನ ಕೆಳಗೆ ಮಲಗಿ ಗೆದ್ದಲು ಹುಡುಕುತ್ತೇನೆ. ವರ್ಷಗಟ್ಟಲೆ ಬಳಸಿದ ಮೇಜಿನ ಮೇಲೆ ಒಂದೂ ಗೀರು ಇಲ್ಲವೋ, ಮೇಲಿನ ಹಲಗೆ ಬದಲಿಸಿದ್ದಾರೆ ಎಂದೇ ಲೆಕ್ಕ.

ಮಗಳದು ಚೊಚ್ಚಲ ಬಸಿರು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು, ಆದರೆ ಅದನ್ನು ಮಾಡಬೇಕಾದ ನನ್ನ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಳಿಯನಿಗೆ ಬಾರಾಮತಿಯ ಹಾಲಿನ ಕಾರ್ಖಾನೆಯಲ್ಲಿ ಕೆಲಸ, ರಜೆಗೊಮ್ಮೆ ಬಂದು ಹೋಗುತ್ತಿದ್ದ. ಹಾಗಾಗಿ ಹೋಳಿ ಮುಗಿದ ಮೇಲೆ ಊರಿಂದ ನನ್ನ ಅಕ್ಕ ಬಂದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಬಾಣಂತಿಯ ಉಂಡೆಗೆ ಅಂಟು, ಕೊಬ್ಬರಿ, ಜೊತೆಗೆ ದಾರಿಯಲ್ಲಿ ಜೇಜುರಿಗೆ ಇಳಿದು ತಂದ ಭಂಡಾರದ, ದೇವರ ಅರಿಶಿನದ, ಪೊಟ್ಟಣ. ಚೀಲ ಇಳಿಸಿದವಳೇ ಮಗಳ ಹೊಟ್ಟೆ ನೋಡಿ, "ಏನವ್ವಾ, ನಿಮ್ಮಪ್ಪ ನಿನಗ ಬರೇ ಬ್ರೆಡ್ ತಿನಿಸ್ಯಾನೇನ?" ಎಂದಳು.

"ಅತ್ತಿ, ಸೇಬು, ಖರ್ಜೂರ ಎಲ್ಲಾ ತಂದಾರ."

"ತಂದಿರ್ತಾನ. ಹೋಲ್‌ಸೇಲಿನ್ಯಾಗ ತಂದಿರ್ತಾನ."

ಆ ಮಾತು ಸುಳ್ಳಲ್ಲ. ಖರ್ಜೂರದ ಪೆಟ್ಟಿಗೆಯೇ ತಂದಿಟ್ಟಿದ್ದೆ.

ನನಗೆ ಅಲ್ಲಿಯವರೆಗೆ ವಸಂತ ಎಂದರೆ ಕಂಪನಿಗಳು ಮಾರ್ಚ್ ಮುಗಿಯುವುದರೊಳಗೆ ಹಳೆಯ ಸಾಮಾನು ಹೊರಹಾಕುವ ಕಾಲ, ಅಷ್ಟೇ. ಅಕ್ಕ ಬಂದ ಮೇಲೆ ನಮ್ಮ ಬೀದಿಯೇ ಬೇರೆಯಾಗಿ ಕಂಡಿತು. ಬಸ್ ಸ್ಟಾಪಿನ ಹಿಂದೆ ಒಂದು ಹುಣಸೆ ಮರ ಇರುವುದು ನನಗೆ ಗೊತ್ತಿತ್ತು. ಅದು ಚಿಗುರಿದ್ದು ಗೊತ್ತಿರಲಿಲ್ಲ. ಅಕ್ಕ ಅದರ ಕೆಳಗೆ ನಿಂತು, "ಇದರ ಮಾಲಕರು ಯಾರ?" ಎಂದು ಕೇಳಿದಳು.

"ಯಾರೂ ಇಲ್ಲಕ್ಕಾ. ಮುನ್ಸಿಪಾಲ್ಟೀದು."

"ಹಂಗಾರ ನಮ್ದ," ಎಂದು ಟೊಂಗೆ ಬಗ್ಗಿಸಿದಳು.

ಹುಣಸೆ ಚಿಗುರಿಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿ ಮಗಳ ನಾಲಿಗೆಗೆ ಹಿಡಿದುಬಿಟ್ಟಿತು. ಮರುದಿನ ಪಕ್ಕದ ಸೊಸೈಟಿಯ ಕಾಂಪೌಂಡಿನಿಂದ ಹೊರಕ್ಕೆ ಬಾಗಿದ್ದ ನುಗ್ಗೆಯ ಹೂವು, ಆಮೇಲೆ ಯುಗಾದಿಗೆಂದು ನೆರಳಲ್ಲಿ ಒಣಹಾಕಿದ ಬೇವಿನ ಹೂವು. ಹೊಸ ಹೊಂಗೆ ಎಲೆಗಳು ಬಿಸಿಲಿಗೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಮನೆಯಲ್ಲಿ ಹೆಂಡತಿ ಹೋದ ಮೇಲೆ ನಿಂತುಹೋಗಿದ್ದ ಒಗ್ಗರಣೆಯ ವಾಸನೆ ಮತ್ತೆ ಎದ್ದಿತ್ತು. ನಾನು ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಮನೆಗೆ ಬರುವ ರೂಢಿ ಮಾಡಿಕೊಂಡೆ.

ಅಕ್ಕ ಎಚ್ಚರಗೇಡಿಯಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಒಂದು ಸಂಜೆ ಕಾಲುವೆಯ ದಡದಲ್ಲಿ ಹೋಗುವಾಗ ಬದನೆಯ ಪಟ್ಟಿಯೊಂದರ ಬದುವಿನಲ್ಲಿ ಗೋಳಿ ಸೊಪ್ಪು ಕಂಡಿತು. ಅವಳು ಬಗ್ಗಿ ಒಂದು ಮುಷ್ಟಿ ಕಿತ್ತವಳು ಅಲ್ಲಿಯೇ ನಿಂತು, "ತಮ್ಮಾ, ಇಲ್ಲಿ ಎಣ್ಣಿ ಹೊಡದಾರೇನ್ ಕೇಳು," ಎಂದಳು.

ನಮ್ಮೂರಿನ ಕಡೆ ಹೊಲಕ್ಕೆ ಹೊಡೆಯುವ ಯಾವುದೇ ವಿಷಕ್ಕೆ ಎಣ್ಣಿ ಎನ್ನುತ್ತಾರೆ. ಹುಳ ಸಾಯಿಸುವುದಕ್ಕೂ ಎಣ್ಣಿ, ಕಳೆ ಸಾಯಿಸುವುದಕ್ಕೂ ಎಣ್ಣಿ. ಒಬ್ಬರು ಎಣ್ಣಿ ಕುಡಿದರು ಎಂದರೆ ಊರಲ್ಲಿ ಯಾರೂ ಅಡುಗೆಯ ಎಣ್ಣೆ ಎಂದು ತಿಳಿಯುವುದಿಲ್ಲ, ಆಸ್ಪತ್ರೆಗೆ ಗಾಡಿ ಕಟ್ಟುತ್ತಾರೆ. ಔಷಧ ಎಂದರೆ ಮಾತ್ರ ಮನುಷ್ಯನನ್ನು ಬದುಕಿಸುವಂಥದ್ದು. ನಾನು ಬದನೆಯವನಿಗೆ ಮರಾಠಿಯಲ್ಲಿ ಸರಿಯಾದ ಮಾತಿನಲ್ಲೇ ಕೇಳಿದೆ. ಅವನು ಹೌದು, ಈ ವಾರವೇ ಸಿಂಪಡಿಸಿದ್ದೇನೆ ಎಂದ. ಅಕ್ಕ ಮುಷ್ಟಿ ಬಿಚ್ಚಿ, ಕಾಲುವೆಯ ನೀರಿಗೂ ಕೈ ಹಚ್ಚದೆ, ಮನೆಯ ನಳದಲ್ಲಿಯೇ ಸಾಬೂನು ಹಚ್ಚಿ ತೊಳೆದುಕೊಂಡಳು.

ಇಷ್ಟು ಕೇಳುವವಳಿಗೆ ಆದದ್ದು ಇದು.

ನಮ್ಮ ಕಟ್ಟಡದ ಮಗ್ಗುಲಿಗೆ ಒಂದು ಖಾಲಿ ಪ್ಲಾಟು. ಸುತ್ತ ನೀಲಿ ತಗಡು ಬಡಿದಿದ್ದರು. ಮುಂದೆ ಅಲ್ಲಿ ಎತ್ತರದ ಕಟ್ಟಡ ಏಳಲಿತ್ತು. ಒಳಗೆ ನೀರಿನ ಟ್ಯಾಂಕರ್ ಖಾಲಿ ಮಾಡುವ ತೊಟ್ಟಿ ಸೋರಿ ಸೋರಿ, ಫಾಲ್ಗುಣದ ಬಿಸಿಲಿನಲ್ಲೂ ಆ ನೆಲ ಹಸಿಯಾಗಿತ್ತು. ಅಲ್ಲಿ ಹಕ್ಕರಿಕೆ ಎದ್ದಿತ್ತು. ನಮ್ಮಲ್ಲಿ ಜೋಳದ ಹೊಲದಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ ಸೊಪ್ಪು ಅದು. ಬೇಯಿಸುವುದಿಲ್ಲ, ಹಸಿಯದನ್ನೇ ರೊಟ್ಟಿಗೆ ಕಚ್ಚಿಕೊಳ್ಳುತ್ತಾರೆ. ಪುಣೆಯ ಮಂಡಿಯಲ್ಲಿ ಇಷ್ಟು ವರ್ಷ ಹುಡುಕಿದರೂ ನನಗೆ ಸಿಕ್ಕಿರಲಿಲ್ಲ. ನಾಲ್ಕನೆಯ ಮಹಡಿಯ ನಮ್ಮ ಗ್ಯಾಲರಿಯಿಂದ ಅಕ್ಕ ಅದನ್ನು ಗುರುತು ಹಿಡಿದಳು. "ತಮ್ಮಾ, ಅಲ್ನೋಡು, ಹಕ್ಕರಕಿ," ಎಂದು ತೋರಿಸಿದಾಗ ನನಗೆ ಬರೀ ಹಸಿರು ಕಂಡಿತು.

ಇನ್ನೊಂದು ಸಂಗತಿಯೂ ಕಾಣಬೇಕಿತ್ತು. ತಗಡಿನ ಸಂದಿಯಿಂದ ನುಗ್ಗಿ ದಿನವೂ ಅಲ್ಲಿ ಮೇಯುತ್ತಿದ್ದ ಆಡುಗಳು ಈಗ ಇರಲಿಲ್ಲ. ಬೆಳಗ್ಗೆ ಅವುಗಳ ಕೊರಳ ಗಂಟೆಯ ಸಪ್ಪಳಕ್ಕೆ ಎಚ್ಚರವಾಗುತ್ತಿದ್ದ ನನಗೆ, ಸಪ್ಪಳ ನಿಂತಾಗ ಒಳ್ಳೆಯ ನಿದ್ದೆ ಬಂತು. ಅಷ್ಟೇ.

ಮರುದಿನ ಬೆಳಗ್ಗೆ ನಾನು ಅಂಗಡಿಗೆ ಹೋದ ಮೇಲೆ ಅಕ್ಕ ಇಳಿದು ಹೋದಳು. ಮಧ್ಯಾಹ್ನ ಬಂದರೆ ತಟ್ಟೆಯಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ನಡುವೆ ರಾಶಿ ಹಕ್ಕರಿಕೆ. ತೊಳೆದ ನೀರು ಇನ್ನೂ ಎಲೆಗಳ ಮೇಲೆ ನಿಂತಿತ್ತು. ಮಗಳು ಕಣ್ಣು ಮುಚ್ಚಿ ಅಗಿಯುತ್ತಿದ್ದಳು.

"ಅತ್ತಿ, ಇನ್ನಷ್ಟು ಹಾಕು. ಒಳಗಿಂದೂ ಕೇಳಾಕತ್ತದ."

"ತಿನ್ನವ್ವಾ. ಇದು ಬರೇ ಸೊಪ್ಪಲ್ಲ. ಇದನ್ನ ಔಷಧಕ್ಕ ಮಾರ್ತಾರಂತ. ಆ ಗೇಟಿನ ಕಾವಲು ಮನಿಷ್ಯಾ ಹೇಳಿದ."

ನಾನು ವ್ಯಾಪಾರಿ, ಕಿವಿ ನಿಮಿರಿತು. "ಮಾರ್ತಾರಂತ? ಎಷ್ಟಕ್ಕಂತ?"

"ಕೇಳಾಕ ಬರಲಿಲ್ಲಪಾ. ನನ್ನ ಮರಾಠಿ ಅಲ್ಲಿಗೇ ಮುಗೀತು."

ನಕ್ಕೆವು. ನಾನೂ ನಾಲ್ಕು ಎಲೆ ಬಾಯಿಗೆ ಹಾಕಿಕೊಂಡೆ. ಊರಿನ ಹಕ್ಕರಿಕೆಯ ಎಳೆಗಹಿ ಇತ್ತು. ಅದರ ಹಿಂದೆ ಇನ್ನೊಂದು ಕಹಿ ನಾಲಿಗೆಯ ಬುಡದಲ್ಲಿ ಹೋಗದೆ ಕೂತಿತು. ಪುಣೆಯ ನೀರಿನ ಗುಣ ಇರಬೇಕು ಅಂದುಕೊಂಡೆ. ಒಂದು ಎಲೆ ಬೆಳಕಿಗೆ ಹಿಡಿದು ನೋಡಿದೆ. ಒಂದೂ ತೂತಿಲ್ಲ.

"ಏನಕ್ಕಾ, ಒಂದು ಹುಳಾನೂ ಮುಟ್ಟಿಲ್ಲಲ್ಲ ಇದನ್ನ?"

"ನಿನ್ನ ಪುಣೇದ ಹುಳಕ್ಕ ಹಕ್ಕರಕಿ ರುಚಿ ಏನ್ ಗೊತ್ತು?"

ಊಟವಾದ ಮೇಲೆ ದಂಟು, ಬೇರುಗಳನ್ನು ಅಕ್ಕ ಕೆಳಗೆ ಬೀದಿಯ ಆಕಳ ಮುಂದೆ ಸುರಿದು ಬಂದಳು. ಗ್ಯಾಲರಿಯಿಂದ ನೋಡುತ್ತಿದ್ದೆ. ಆಕಳು ಮೂಸಿತು, ಉಸಿರು ಬಿಟ್ಟಿತು, ಮುಖ ತಿರುಗಿಸಿ ಪಕ್ಕದ ರಟ್ಟಿನ ಡಬ್ಬಿ ಮೆಲ್ಲತೊಡಗಿತು.

"ರಟ್ಟು ತಿಂದ ರೂಢಿ ಆಗೇತಿ ಅದಕ್ಕ," ಎಂದಳು ಅಕ್ಕ. ಆಗಲೂ ನಕ್ಕೆವು.

ಅದರ ಮರುದಿನವೂ ಹಕ್ಕರಿಕೆ. ಅಕ್ಕ ನಸುಕಿನ ಮಬ್ಬಿನಲ್ಲೇ ಇಳಿದು, ಸೆರಗಿನ ತುಂಬ ಕಿತ್ತು ತರುತ್ತಿದ್ದಳು. ಮಗಳ ಕುಬಸದ, ಅಂದರೆ ಸೀಮಂತದ, ದಿನ ನೆರೆಹೊರೆಯವರಿಗೂ ಇದನ್ನೇ ಬಡಿಸಬೇಕು ಎಂದು ಹೇಳಿಕೊಳ್ಳುತ್ತಿದ್ದಳು.

ಆ ಮುಂದಿನ ಬೆಳಗ್ಗೆ ನಾನು ಅಂಗಡಿಗೆ ಹೊರಟು ಪ್ಲಾಟಿನ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದೆ. ಗೇಟು ತೆರೆದಿತ್ತು. ಒಳಗಿನ ಹಸಿರು ಹಳದಿಗೆ ತಿರುಗಿತ್ತು. ಎಲ್ಲ ಕಡೆ ಅಲ್ಲ. ಒಂದು ಪಟ್ಟೆ ಹಳದಿ, ಅದರ ಪಕ್ಕ ಕೈಯಗಲದ ಹಸಿರು, ಮತ್ತೆ ಹಳದಿ. ತಗಡಿನ ಈ ತುದಿಯಿಂದ ಆ ತುದಿಯವರೆಗೆ, ಹಲಗೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರ. ಬಿಸಿಲಿಗೆ ಒಣಗುವ ಹುಲ್ಲು ಹಾಗೆ ಸಾಲು ಹಿಡಿದು ಒಣಗುವುದಿಲ್ಲ. ಯಾರೋ ಬೆನ್ನಿಗೆ ಪಂಪು ಕಟ್ಟಿಕೊಂಡು, ಹೆಜ್ಜೆ ತಪ್ಪದೆ, ಅತ್ತಿಂದ ಇತ್ತ ನಡೆದಿದ್ದರು. ಅಕ್ಕನ ಚಪ್ಪಲಿಯ ಗುರುತು ಹಸಿ ಮಣ್ಣಿನಲ್ಲಿ ಆ ಹಳದಿಯ ನಟ್ಟನಡುವೆ ಹೋಗಿ ಬಂದಿತ್ತು.

ಕಾವಲುಗಾರ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಏನು ಹೊಡೆದಿದ್ದೀರಿ ಎಂದೆ.

"ತಣನಾಶಕ," ಎಂದ. ಮರಾಠಿಯಲ್ಲಿ ಕಳೆನಾಶಕಕ್ಕೆ ಹಾಗೆನ್ನುತ್ತಾರೆ. ನನ್ನ ಮುಖ ನೋಡಿ ಅವನೇ ಮುಂದುವರಿಸಿದ. "ನಿಮ್ಮ ಆಜಿಗೆ ಮೊದಲ ದಿವಸವೇ ಹೇಳಿದ್ದೇನಲ್ಲ. ಅವರೇ ಬಂದು ಕೇಳಿದರು, ಕೈ ಹೀಗೆ ಹೀಗೆ ಮಾಡಿ: ತೇಲ್? ತೇಲ್? ನಾನು ಹೇಳಿದೆ, ತೇಲ್ ನಾಹಿ ಆಜಿ, ಔಷಧ ಮಾರ್ಲಂಯ. ಅವರು ಹೋ ಹೋ ಅಂತ ನಗುತ್ತ ಒಳಗೆ ಹೋದರು. ಒಲೆಗೆ ಹಾಕುತ್ತಾರೋ, ಗೊಬ್ಬರ ಮಾಡುತ್ತಾರೋ ಅಂದುಕೊಂಡೆ. ತಿನ್ನುತ್ತಾರೆ ಅಂತ ನನಗೇನು ಗೊತ್ತು?"

ಸ್ಕೂಟರಿನ ಮೇಲೆ ಕೂತಲ್ಲೇ ನನಗೆ ಎಲ್ಲವೂ ಬಿಡಿಸಿಕೊಂಡಿತು. ಅಕ್ಕ ಕೇಳಿದ್ದಳು. ಬದನೆಯ ಪಟ್ಟಿಯಲ್ಲಿ ಕೇಳಿದ ಹಾಗೆಯೇ ಇಲ್ಲಿಯೂ ಎಣ್ಣಿ ಹೊಡೆದಿದ್ದೀರಾ ಎಂದು ಕೇಳಿದ್ದಳು. ಕಿರಾಣಿ ಅಂಗಡಿಯಲ್ಲಿ ಎಣ್ಣೆಗೆ ತೇಲ್ ಎನ್ನುತ್ತಾರೆ ಎಂದು ಕಲಿತಿದ್ದಳಲ್ಲ, ಎಣ್ಣಿಯನ್ನು ತೇಲ್ ಮಾಡಿದಳು. ಅವನು ನಿಜವನ್ನೇ ಹೇಳಿದ್ದ. ಇಲ್ಲಿಯವರು ಹೊಲಕ್ಕೆ ಹೊಡೆಯುವ ವಿಷಕ್ಕೆ ಔಷಧ ಎನ್ನುತ್ತಾರೆ, ಹೊಡೆಯುವುದಕ್ಕೆ ಮಾರುವುದು ಎನ್ನುತ್ತಾರೆ. ಔಷಧ ಮಾರ್ಲಂಯ, ಔಷಧ ಹೊಡೆದಿದ್ದೇವೆ. ನಮ್ಮ ಅಕ್ಕನ ಕನ್ನಡದ ಕಿವಿಗೆ ಅದು, ಎಣ್ಣಿ ಇಲ್ಲ, ಇದನ್ನು ಔಷಧಕ್ಕೆ ಮಾರುತ್ತಾರೆ. ಒಂದು ಅಕ್ಷರವನ್ನೂ ಅವಳು ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ.

ಮನೆಗೆ ಬಂದೆ. ಲಿಫ್ಟ್ ಮೇಲೆ ಎಲ್ಲೋ ನಿಂತಿತ್ತು, ಮೆಟ್ಟಿಲು ಹತ್ತಿದೆ. ಮಗಳು ನಾಷ್ಟಾಕ್ಕೆ ಕೂತಿದ್ದಳು. ರೊಟ್ಟಿಯ ತುಣುಕಿನೊಳಗೆ ಎಲೆ ಮಡಚಿ ಬಾಯಿಯ ಹತ್ತಿರ ತಂದಿದ್ದಳು. ಆ ಕೈ ಹಿಡಿದೆ.

"ಏನಪ್ಪಾ, ನಿಮಗೂ ಬೇಕಾ?"

"ಕೆಳಗಿಡು. ಬಾಯಾಗಿಂದೂ ಉಗುಳು."

ಅಕ್ಕ ಒಲೆಯ ಮುಂದಿನಿಂದ ತಿರುಗಿದಳು. ನಾನು ಸುತ್ತುಬಳಸಿ ಹೇಳಲಿಲ್ಲ. "ಅಕ್ಕಾ, ಆ ಪ್ಲಾಟಿಗೆ ಎಣ್ಣಿ ಹೊಡದಾರ. ಇಲ್ಲಿ ಮಂದಿ ಎಣ್ಣಿಗೇ ಔಷಧ ಅಂತಾರ."

ಅವಳು ತಟ್ಟುತ್ತಿದ್ದ ರೊಟ್ಟಿ ಹಾಗೆಯೇ ಬಿಟ್ಟಳು. ಹಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆ ಎದ್ದಿತು. ಆಮೇಲೆ ಅವಳು ಒಂದು ಚೊಂಬು ನೀರಿಗೆ ಮುಷ್ಟಿ ಉಪ್ಪು ಕಲಸಿ, "ಕುಡಿಯವ್ವಾ, ಕಾರಿಬಿಡು," ಎಂದು ಮಗಳ ಮುಂದೆ ಹಿಡಿದಳು. ಮಗಳು ನನ್ನ ಮುಖ ನೋಡಿದಳು. ಬೇಡ ಅಂದೆ. ಏಕೆ ಬೇಡ ಅಂದೆನೋ ಗೊತ್ತಿಲ್ಲ. ಅದು ಸರಿಯಾಯಿತು ಎಂದು ಆಮೇಲೆ ತಿಳಿಯಿತು. ಉಳಿದ ಸೊಪ್ಪನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕಿಕೊಂಡು, ಮೂವರೂ ರಿಕ್ಷಾ ಹತ್ತಿದೆವು.

ಮಗಳನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರು ಸಮಾಧಾನದ ಹೆಂಗಸು. ಅಂದು ಅವರ ಸಮಾಧಾನವೇ ನನಗೆ ಹೆದರಿಕೆ ತಂದಿತು. ಯಾವಾಗಿನಿಂದ ತಿಂದದ್ದು, ಎಷ್ಟು, ಗಂಟಲು ಉರಿಯುತ್ತದೆಯೇ, ಮಗು ಅಲ್ಲಾಡುತ್ತಿದೆಯೇ ಎಂದೆಲ್ಲ ಕೇಳಿದರು. ವಾಂತಿ ಮಾಡಿಸಿಲ್ಲ ತಾನೆ ಎಂದು ಎರಡು ಸಲ ಕೇಳಿದರು. ನಾನು ಚೀಲ ಬಿಚ್ಚಿ ಸೊಪ್ಪು ತೋರಿಸಿದೆ. ಎಲೆ ನೋಡಿ ನಾನೇನು ಹೇಳಲಿ, ಹೊಡೆದದ್ದರ ಡಬ್ಬಿ ಬೇಕು, ಎಂದರು. ಇವುಗಳಲ್ಲಿ ಕೆಲವು ಇಷ್ಟರ ಮಟ್ಟಿಗೆ ತಿಂದರೆ ಹಾದುಹೋಗುತ್ತವೆ, ಕೆಲವು ಬಾಯಿಂದ ಶುರುವಾಗಿ ಒಳಗೊಳಗೇ ಸುಡುತ್ತ ಹೋಗುತ್ತವೆ. ಯಾವುದೆಂದು ತಿಳಿಯದೆ ನಾನು ಕುರುಡಿ ಇದ್ದ ಹಾಗೆ, ಎಂದರು.

ಆಮೇಲೆ ಅಕ್ಕನತ್ತ ತಿರುಗಿ, ಇವರು ತಿಂದಿದ್ದಾರೆಯೇ ಎಂದು ಕೇಳಿದರು. ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ.

"ನಾ ಎಲ್ಲಿಂದ ತಿನ್ನಲಿ? ನನಗ ಹಲ್ಲೆಲ್ಲಿ ಅದಾವ?" ಎಂದಳು. ಹೇಳುವಾಗ ಸೆರಗಿನ ಅಂಚನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು. ಬೆಲೆಯಲ್ಲಿ ಸುಳ್ಳು ಹೇಳುವವರೂ ಹೀಗೆಯೇ ಕೈಗೊಂದು ಕೆಲಸ ಹಚ್ಚುತ್ತಾರೆ. ನನಗೆ ಅದು ಕಂಡಿತು. ಆದರೆ ಮಗಳ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಎದೆಬಡಿತ ಹುಡುಕುತ್ತಿದ್ದರು. ಅದು ಸಿಗುವವರೆಗೆ ಬೇರೇನೂ ತಲೆಯಲ್ಲಿ ನಿಲ್ಲಲಿಲ್ಲ. ಸಿಕ್ಕಿತು. ಓಡುವ ಕುದುರೆಯ ಹಾಗೆ ಇತ್ತು. ನಾನು ಡಬ್ಬಿ ತರಲು ಹೊರಟೆ.

ಪ್ಲಾಟಿನ ಸೂಪರ್‌ವೈಜರ್ ತಗಡಿನ ಕೋಣೆಯಲ್ಲಿ ಕೂತಿದ್ದ. ಕಾವಲುಗಾರ ನನ್ನನ್ನು ನೋಡಿದ ಕೂಡಲೇ ನೆಲ ನೋಡತೊಡಗಿದ. ಗೇಟು ತೆರೆದಿಟ್ಟದ್ದಕ್ಕೆ ಅವನಿಗೆ ಬೈಗಳಾಗಿತ್ತು ಎಂದು ತಿಳಿಯಿತು. ಅವನೇ ಬೆಳಗ್ಗೆ ಇನ್ನೊಂದು ಮಾತು ಹೇಳಿದ್ದ: ಇಲ್ಲಿ ಮೇಯುತ್ತಿದ್ದ ಆಡುಗಳಲ್ಲಿ ಎರಡು ಸತ್ತಾಗಿನಿಂದ ಆಡಿನವನು ಪರಿಹಾರ ಕೇಳುತ್ತ ಬಾಗಿಲಿಗೆ ಬರುತ್ತಿದ್ದಾನೆ, ಔಷಧದ ಸುದ್ದಿ ಯಾರ ಮುಂದೆಯೂ ಎತ್ತಬಾರದೆಂದು ಮಾಲಕರ ಹುಕುಂ ಆಗಿದೆ. ಅಂದರೆ ನಾನು ಹೋಗಿ, ನನ್ನ ಬಸುರಿ ಮಗಳು ತಿಂದಿದ್ದಾಳೆ, ಡಬ್ಬಿ ತೋರಿಸಿ ಎಂದರೆ ಡಬ್ಬಿ ಆ ಗಳಿಗೆಯೇ ಮಾಯವಾಗುತ್ತದೆ. ಕೊಡುವವನಿಗೆ ಹೆದರಿಕೆ ಇದ್ದಾಗ ಬೇಕಾದ ವಸ್ತುವಿನ ಹೆಸರು ಮೊದಲು ಎತ್ತಬಾರದು.

ಅವನ ಮುಂದೆ ಒಂದು ಮೇಜಿತ್ತು. ಒಂದು ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತಿತ್ತು.

"ಸಾಹೇಬ್ರ, ಇಷ್ಟು ದೊಡ್ಡ ಕೆಲಸದ ಜಾಗಕ್ಕೆ ಇದೆಂಥ ಮೇಜು?" ಎಂದೆ ಮರಾಠಿಯಲ್ಲಿ.

ಅವನು ನಕ್ಕ. "ಮಾಲಕರು ಕೊಟ್ಟರೆ ತಾನೆ?"

ನನ್ನ ಧಂದೆ ಹೇಳಿದೆ. ಒಂದು ಕಂಪನಿಯ ಮ್ಯಾನೇಜರನ ಮೇಜು ಬಂದಿದೆ, ಸಾಗವಾನಿ, ಡ್ರಾಯರಿಗೆ ಕೀಲಿಯೂ ಇದೆ ಎಂದೆ. ಬೆಲೆ ಕೇಳಿದ. ಬೆಲೆ ಆಮೇಲೆ ನೋಡೋಣ ಎಂದೆ. ನನ್ನ ಗೋದಾಮಿನ ಅಂಗಳದ ತುಂಬ ಕಳೆ ಎದ್ದು ಹಾವು ಓಡಾಡುತ್ತವೆ, ನಿಮ್ಮಲ್ಲಿ ನೋಡಿದರೆ ಗೆರೆ ಎಳೆದ ಹಾಗೆ ಸತ್ತಿದೆ, ಯಾರ ಕೈಯಲ್ಲಿ ಮಾಡಿಸಿದಿರಿ ಎಂದೆ. ಹಲ್ಲು ಕಾಣುವ ಹಾಗೆ ನಗುತ್ತಿದ್ದೆ.

"ಕೈಗಿಂತ ಮಾಲು ಮುಖ್ಯ," ಎಂದ ಅವನು. "ಅಗ್ಗದ್ದು ಹೊಡೆದರೆ ಮತ್ತೆ ಎದ್ದೇ ಏಳುತ್ತದೆ." ಎದ್ದು ಮೂಲೆಯ ಸಿಮೆಂಟ್ ಚೀಲಗಳ ಹಿಂದಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅದರ ಮೇಲೆ ವಿಷದ ಗುರುತಿನ, ಮೂಲೆಯ ಮೇಲೆ ನಿಂತ ಬಣ್ಣದ ಚೌಕ, ಸಣ್ಣ ಅಕ್ಷರಗಳ ಸಾಲು ಸಾಲು.

"ಅಂಗಡಿ ಹುಡುಗ ಬೇರೆಯದನ್ನು ಕೊಟ್ಟಾನು. ಒಂದು ಫೋಟೊ ಹೊಡೆದುಕೊಳ್ಳಲೇ?"

"ಹೊಡೀರಿ, ಹೊಡೀರಿ."

ಎಲ್ಲ ಮಗ್ಗುಲಿನಿಂದ ಹೊಡೆದುಕೊಂಡೆ. ಆಮೇಲೆ ಮೇಜನ್ನು ನಿಜವಾಗಿ ಕಳಿಸಿಕೊಟ್ಟೆ, ಬೆಲೆ ಹಾಕದೆ. ಮಾತು ಕೊಟ್ಟ ಮೇಲೆ ಕೊಡಬೇಕು. ಮುಂದೆಯೂ ಅವನ ಗೇಟಿನ ಮುಂದೆಯೇ ನಾನು ಓಡಾಡುವವನು.

ಡಾಕ್ಟರು ಫೋಟೊ ದೊಡ್ಡದು ಮಾಡಿ ಓದಿದರು, ಯಾರಿಗೋ ಫೋನು ಮಾಡಿ ವಿಚಾರಿಸಿದರು. ಬಹಳ ಕೆಟ್ಟದ್ದಲ್ಲ, ಮಗಳು ತಿಂದದ್ದೂ ತೊಳೆದ ಸೊಪ್ಪು, ಅಷ್ಟೇನೂ ಹೆಚ್ಚಲ್ಲ ಎಂದರು. ಆದರೆ ಏನೂ ಆಗುವುದಿಲ್ಲ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ರಕ್ತ ತೆಗೆದುಕೊಂಡರು, ಒಂದು ದಿನ ಇಟ್ಟುಕೊಂಡರು. ಮಗುವಿನ ಅಲುಗಾಟದ ಮೇಲೆ ಕಣ್ಣಿಡಿ, ಕಡಿಮೆ ಅನ್ನಿಸಿದರೆ ಯೋಚಿಸುತ್ತ ಕೂರಬೇಡಿ, ಬನ್ನಿ ಎಂದರು. ಅಳಿಯ ಬಾರಾಮತಿಯಿಂದ ಓಡಿ ಬಂದ. ಬಂದವನೇ ಅಕ್ಕನಿಗೆ ಊಟ ಆಯಿತೇ ಎಂದು ಕೇಳಿದ. ಅದು ಅಕ್ಕನಿಗೆ ಬೈಸಿಕೊಳ್ಳುವುದಕ್ಕಿಂತ ಭಾರವಾಯಿತು.

ಮನೆಗೆ ಬಂದ ಮೇಲೆ ಅಕ್ಕ ಮಗಳ ಹಣೆಗೆ ಭಂಡಾರ ಹಚ್ಚಿ, ಹಾಸಿಗೆಯ ಪಕ್ಕ ನೆಲದ ಮೇಲೆ ಕೂತವಳು ಏಳಲಿಲ್ಲ. ಹೊಟ್ಟೆಯ ಮೇಲಿನಿಂದ ಅವಳ ಕಣ್ಣು ಕದಲುತ್ತಿರಲಿಲ್ಲ.

"ಅತ್ತಿ, ನನ್ನ ಹೊಟ್ಟಿ ಏನ್ ಟೀವೀನ?" ಎಂದಳು ಮಗಳು.

"ಹೂಂ. ನಡುನಡುವ ಚಿತ್ರ ನಿಲ್ಲತೈತಿ ನೋಡು, ಅದಕ್ಕ ಕಣ್ಣ ಹಿಡಕೊಂಡು ಕುಂತೀನಿ."

ಒಂದು ಮಧ್ಯಾಹ್ನ ಚಿತ್ರ ನಿಂತಂತೆಯೇ ಆಯಿತು. ಉಂಡು ಮಲಗಿದ ಮಗಳು ಎದ್ದು, "ಅಪ್ಪಾ, ಬೆಳಿಗ್ಗಿಂದ ಸುಮ್ಮನ ಅದ," ಎಂದಳು. ಅಕ್ಕ ಅಂಗೈ ಇಟ್ಟಳು. ನಾನು ರಿಕ್ಷಾಕ್ಕೆ ಫೋನು ಮಾಡುತ್ತ ಗ್ಯಾಲರಿಗೆ ಬಂದೆ. ಕೆಳಗೆ ಪ್ಲಾಟು ಪೂರ್ತಿ ಕಂದು ಬಣ್ಣಕ್ಕೆ ತಿರುಗಿತ್ತು; ಪಂಪು ತಪ್ಪಿಸಿಹೋದ ಕೈಯಗಲದ ಪಟ್ಟೆಗಳು ಮಾತ್ರ ಹಸಿರಾಗಿ, ಉದ್ದಕ್ಕೂ ನೇರ ನಿಂತಿದ್ದವು. ಒಳಗಿನಿಂದ ಅಕ್ಕ ಕರೆದಳು. "ತಮ್ಮಾ, ಬ್ಯಾಡ ಬಿಡು. ಒದೀತು. ನಿನ್ನಂಗ ಒದೀತು." ಆದರೂ ಆಸ್ಪತ್ರೆಗೆ ಹೋಗಿ ಬಂದೆವು.

ಆ ದಿನವೇ ನಾನು ಅಕ್ಕನ ಬಾಯಿ ನೋಡಿದ್ದು. ಹಲವು ದಿನಗಳಿಂದ ಅವಳು ರೊಟ್ಟಿ ಬಿಟ್ಟು ಮಜ್ಜಿಗೆ ಅಂಬಲಿಯಲ್ಲಿ ದಿನ ತಳ್ಳುತ್ತಿದ್ದಳು. ಕೇಳಿದರೆ ಬಿಸಿಲು ಎನ್ನುತ್ತಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಚಹಾ ಕೊಟ್ಟರೆ ಒಂದು ಗುಟುಕಿಗೆ ಮುಖ ಕಿವುಚಿದಳು. ಬಾಯಿ ತೆರೆ ಎಂದೆ. ತೆರೆಯಲಿಲ್ಲ. ಡಾಕ್ಟರ ಮುಂದೆ ತೆರೆಯಬೇಕಾಯಿತು. ನಾಲಿಗೆ, ಒಸಡು ಎಲ್ಲ ಹುಣ್ಣು. ಸೊಪ್ಪು ಕೀಳುವಾಗ ಅಲ್ಲಿಯೇ, ತೊಳೆಯದೆಯೇ, ಎಳೆಯದನ್ನು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೊಲದಲ್ಲಿ ಚಿಕ್ಕಂದಿನಿಂದ ಮಾಡಿದ ರೂಢಿ. ನಮ್ಮೆಲ್ಲರಿಗಿಂತ ಹೆಚ್ಚು ತಿಂದವಳು ಅವಳೇ.

"ಆವತ್ತ ಯಾಕ ಹೇಳಲಿಲ್ಲಕ್ಕಾ?"

"ಮೊದಲ ಆಕೀನ್ನ ನೋಡ್ಲಿ ಅಂತ. ಒಮ್ಮೆಲೆ ಇಬ್ಬರ ಬಿಲ್ಲ ಅಂದ್ರ ನಿನ್ನ ಮಾರಿ ನೋಡಾಕ ಆಗೂದಿಲ್ಲ."

ಎರಡನೆಯ ಬಿಲ್ಲು ಅದು. ಹುಣ್ಣು ಮಾಯಲು ಬಹಳ ದಿನ ಹಿಡಿಯಿತು. ಯುಗಾದಿಯ ದಿನ ಬೇವು ಬೆಲ್ಲದ ಬಟ್ಟಲು ಅವಳ ಮುಂದೆ ಇಟ್ಟರೆ, ಒಣಹಾಕಿದ ಹೂವನ್ನು ಬೆರಳಲ್ಲಿ ತಿರುವಿ ತಿರುವಿ ನೋಡಿ, ತುಟಿಗೆ ತಾಗಿಸಿ ಕೆಳಗಿಟ್ಟಳು. ಔಷಧ ಎಂಬ ಮಾತನ್ನು ಅವಳು ಮತ್ತೆ ಆಡಲಿಲ್ಲ. ಆಸ್ಪತ್ರೆಯವರು ಕೊಟ್ಟದ್ದನ್ನು ಈಗಲೂ ಗುಳಿಗಿ ಎನ್ನುತ್ತಾಳೆ, ಇಲ್ಲದಿದ್ದರೆ "ಆ ಬಾಟ್ಲಿದು" ಎನ್ನುತ್ತಾಳೆ.

ಬೇಸಿಗೆ ಮುಗಿಯುವ ಹೊತ್ತಿಗೆ ಮಗಳಿಗೆ ಹೆಣ್ಣು ಮಗು ಆಯಿತು. ತೂಕ ಸರಿ, ಕೈಕಾಲು ಸರಿ, ಅಳು ಬೀದಿಗೆ ಕೇಳುವಷ್ಟು. ಮುಂದೆಯೂ ಆಗಾಗ ತಂದು ತೋರಿಸುತ್ತಿರಿ ಎಂದು ಡಾಕ್ಟರು ಹೇಳಿದ್ದಾರೆ. ಎಲ್ಲ ಮಕ್ಕಳಿಗೂ ಹಾಗೆ ಹೇಳುತ್ತಾರೆಯೇ ಎಂದು ನಾನು ಕೇಳಿಲ್ಲ. ಕೂಸು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ಅಕ್ಕ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು. ಬಾಣಂತನ ಮುಗಿಸಿ ಊರಿಗೆ ಹೊರಡುವ ದಿನ ಮೊದಲ ಮಳೆ ಬಿದ್ದು ತಿಂಗಳಾಗಿತ್ತು. ಕಟ್ಟಡದ ಕೆಲಸ ಇನ್ನೂ ಶುರುವಾಗಿರಲಿಲ್ಲ. ಗ್ಯಾಲರಿಯಲ್ಲಿ ನಿಂತು ಇಬ್ಬರೂ ಕೆಳಗೆ ನೋಡಿದೆವು. ಹಕ್ಕರಿಕೆ ಮತ್ತೆ ಎದ್ದಿತ್ತು. ಎಳೆಯದು, ದಟ್ಟ, ಒಂದೂ ಎಲೆ ಮುಕ್ಕಾಗಿಲ್ಲ. ಗೇಟಿನ ಹತ್ತಿರ ಒಬ್ಬ ಬೆನ್ನಿಗೆ ಪಂಪು ಕಟ್ಟಿಕೊಳ್ಳುತ್ತಿದ್ದ.

ನಿಮಗೆ ಹೇಳುವುದು ಇಷ್ಟು. ವಸಂತದ ಚಿಗುರು, ಹೂವು, ಸೊಪ್ಪು ತಿನ್ನಿ, ಬಿಡಬೇಡಿ. ಹುಣಸೆಯ ಚಿಗುರಿಗೆ ಸಮ ಯಾವುದೂ ಇಲ್ಲ. ಆದರೆ ಪೇಟೆಯ ಖಾಲಿ ಪ್ಲಾಟು, ರೈಲು ಹಳಿಯ ಬದಿ, ಕಾಂಪೌಂಡಿನ ಬುಡ, ಇವುಗಳ ಸೊಪ್ಪಿಗೆ ಕೈ ಹಾಕಬೇಡಿ; ಪಂಪು ತಲುಪದ ಎತ್ತರದ ಟೊಂಗೆಯದು ಆದೀತು. ಹುಳ ಮುಟ್ಟದ ಎಲೆಯನ್ನು, ಆಕಳು ಮೂಸಿ ಬಿಟ್ಟದ್ದನ್ನು ನೀವೂ ಬಿಡಿ. ಕೇಳುವುದಾದರೆ ನಿಮ್ಮ ಊರಿನ ಮಾತನ್ನು ಅನುವಾದ ಮಾಡಿ ಕೇಳಬೇಡಿ. ಎಲೆ ತೋರಿಸಿ, ಬಾಯಿ ತೋರಿಸಿ, ಇದನ್ನು ತಿನ್ನುತ್ತೇನೆ ಎಂದು ಹೇಳಿ. ಯಾವ ಭಾಷೆಯವನೂ ಬೇಡ ಎನ್ನುತ್ತಾನೆ ಅಥವಾ ಹೂಂ ಎನ್ನುತ್ತಾನೆ. ತಿಂದಾದ ಮೇಲೆ ತಿಳಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ನಡೆಯಿರಿ. ಒಬ್ಬರು ಡಬ್ಬಿಯ ಬೆನ್ನು ಹತ್ತಿ, ಫೋಟೊ ಹೊಡೆದು ತನ್ನಿ. ಅದಕ್ಕೆ ಮೇಜು ಕೊಡಬೇಕಾಗಿ ಬಂದರೆ ಕೊಡಿ, ಚೌಕಾಸಿ ಮಾಡಬೇಡಿ. ಮತ್ತು ಮನೆಯ ಹಿರಿಯರು ನಾನು ತಿಂದಿಲ್ಲ ಎಂದರೆ ಮಾತು ನಂಬಬೇಡಿ. ಬಾಯಿ ತೆರೆಸಿ ನೋಡಿ.